ಹಾರಬೇಡಿ, ಕ್ಯಾನ್ ಎಸೀರಿ

ಬೇಸಿಗೆ ರಜೆ ಶುರುವಾಯ್ತು ಅಂದ್ರೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದೇ ಥರದ ಸುದ್ದಿ ತಿರುತಿರುಗಿ ಬರುತ್ತೆ. ಕೃಷಿ ಹೊಂಡಕ್ಕೆ ಕಾಲು ಜಾರಿದ ಹುಡುಗ, ಅವನನ್ನ ಎತ್ತೋಕೆ ಇಳಿದ ಅಣ್ಣ, ದಡದಲ್ಲಿದ್ದ ಮಕ್ಕಳ ಕೂಗು ಕೇಳಿ ಓಡಿ ಬಂದ ಪಕ್ಕದ ಹೊಲದವರು. ಒಂದೂ ಆಗಬಾರದಿದ್ದ ಕಡೆ ಮೂರು ಹೆಣ. ಕೆಳಗೆ ‘ಪ್ರಾಣದ ಹಂಗು ತೊರೆದು ನೀರಿಗೆ ಹಾರಿದರು’ ಅಂತ ಒಂದು ಸಾಲು.

ಆ ಸಾಲು ಬರೆಯೋದನ್ನ ಬಿಡಬೇಕು ಅಂತೀನಿ. ಹಂಗು ಇರಲಿ. ಗುರುತಿಲ್ಲದವರಿಗೆ ಜೀವ ಕೊಡೋಕೆ ಹೋದವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹಾರಿದವರಿಗೆ ಮಾತ್ರ ಹಾರ, ದಡದಲ್ಲೇ ಕೂತು ಕ್ಯಾನ್ ಎಸೆದು ಎಳೆದವರಿಗೆ ಏನೂ ಇಲ್ಲ ಅನ್ನೋ ಲೆಕ್ಕ ಇದೆಯಲ್ಲ, ಅದು ಜನರನ್ನ ಕೊಲ್ತಾ ಇದೆ. ಕೇಂದ್ರ ಸರ್ಕಾರ 1961ರಿಂದ ಜೀವನ್ ರಕ್ಷಾ ಪದಕ ಕೊಡ್ತಿದೆ. ಆ ಪಟ್ಟಿಗೆ ‘ಮರಣೋತ್ತರ’ ಅನ್ನೋ ಪದ ಹೊಸದಲ್ಲ.

ಮೊದಲು ಒಂದು ಮಾತು: ಮುಳುಗ್ತಾ ಇರೋರು ಸಿನಿಮಾದಲ್ಲಿ ತೋರಿಸೋ ಹಾಗೆ ಕೈ ಬೀಸಿ ಕೂಗಲ್ಲ. ಉಸಿರಿಗೇ ಪುರುಸೊತ್ತಿರಲ್ಲ, ಕೂಗೋಕೆ ಎಲ್ಲಿಂದ ಬರಬೇಕು? ದೇಹ ನೆಟ್ಟಗೆ ನಿಂತ ಹಾಗಿರುತ್ತೆ, ತಲೆ ಹಿಂದಕ್ಕೆ, ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ. ಎರಡೂ ಕೈ ಪಕ್ಕಕ್ಕೆ ಚಾಚಿ ನೀರನ್ನ ಕೆಳಕ್ಕೆ ಒತ್ತುತ್ತಾ ಇರ್ತವೆ. ನೋಡೋರಿಗೆ ಆಟ ಆಡ್ತಾ ಇದ್ದಾನೆ ಅನಿಸುತ್ತೆ. ಈ ಸ್ಥಿತಿ 20ರಿಂದ 60 ಸೆಕೆಂಡು, ಆಮೇಲೆ ತಲೆ ಒಳಗೆ. ಇಂಥ ಹೊತ್ತಲ್ಲಿ ಕೈಗೆ ಏನು ಸಿಕ್ಕಿದ್ರೂ ಅದರ ಮೇಲೆ ಹತ್ತೋದಷ್ಟೇ ಅವರಿಗೆ ಗೊತ್ತು. ಹತ್ತಿರ ಹೋದ ನೀವೇ ಆ ಏಣಿ. ಚೆನ್ನಾಗಿ ಈಜು ಬರೋರೂ ಮುಳುಗೋದು ಹೀಗೆ.

ಹಾಗಾದ್ರೆ ಏನು ಮಾಡೋದು? ಕೈಗೆ ಎಟುಕೋ ದೂರ ಇದ್ರೆ ದಡದಲ್ಲಿ ಬೋರಲಾಗಿ ಮಲಗಿ ಗಳುವನ್ನೋ ಕೊಂಬೆಯನ್ನೋ ಚಾಚಿ. ನಿಂತು ಚಾಚಿದ್ರೆ ಅವರ ಒಂದೇ ಎಳೆತಕ್ಕೆ ನೀವೂ ಒಳಗೆ. ಸೀರೆ ಐದೂವರೆ ಮೀಟರ್ ಉದ್ದ ಬರುತ್ತೆ, ಎರಡು ಸೀರೆ ಸೇರಿಸಿ ಗಂಟು ಹಾಕಿದ್ರೆ ಹತ್ತು ಮೀಟರ್ ಹತ್ತಿರ. ಪ್ರಾಣ ಹೋಗೋವಾಗ ಮಾನ ಅಂತ ಕೂರಬೇಡಿ.

ದೂರ ಇದ್ರೆ ಎಸೀರಿ. ನಮ್ಮ ಊರುಗಳಲ್ಲಿ ಹಿಂದಿನವರು ಬೆನ್ನಿಗೆ ಬೆಂಡು, ಸೋರೆಬುರುಡೆ ಕಟ್ಟಿ ಮಕ್ಕಳಿಗೆ ಈಜು ಕಲಿಸ್ತಿದ್ರಲ್ಲ, ಅದೇ ಲೆಕ್ಕ. ಈಗ ಪ್ರತಿ ಮನೆ, ಪ್ರತಿ ಅಂಗಡಿ ಮುಂದೆ 20 ಲೀಟರ್ ನೀರಿನ ಕ್ಯಾನ್ ಇದೆ. ಖಾಲಿ ಕ್ಯಾನಿನ ಮುಚ್ಚಳ ಬಿಗಿಯಾಗಿದ್ರೆ ಅದು ಸುಮಾರು 20 ಕೆಜಿ ಭಾರ ತೇಲಿಸುತ್ತೆ. ನೀರಲ್ಲಿರೋ ಮನುಷ್ಯನ ತಲೆ ಮೇಲಿರೋಕೆ ಐದಾರು ಕೆಜಿ ಆಸರೆ ಸಾಕು. ಐದು ಲೀಟರ್ ಎಣ್ಣೆ ಕ್ಯಾನ್ ಕೂಡ ಆದೀತು. ಪೂರ್ತಿ ಖಾಲಿ ಕ್ಯಾನ್ ಗಾಳಿಗೆ ತಿರುಗಿ ಎಲ್ಲೋ ಬೀಳುತ್ತೆ, ಅದಕ್ಕೇ ಒಳಗೆ ಒಂದರ್ಧ ಲೀಟರ್ ನೀರು ಬಿಡಿ. ಹಿಡಿಗೆ ಹಗ್ಗ ಕಟ್ಟಿ, ಅವರ ತಲೆಯ ಆಚೆಗೆ ಹೋಗೋ ಹಾಗೆ ಎಸೆದು, ಹಗ್ಗವನ್ನ ಅವರ ಭುಜದ ಮೇಲೆ ಎಳ್ಕೊಂಡು ಬನ್ನಿ. ಹಗ್ಗವನ್ನ ನಿಮ್ಮ ಕೈಗೆ ಸುತ್ಕೋಬೇಡಿ. ಕೂತು, ಹಿಮ್ಮಡಿ ಊರಿ ಎಳೀರಿ. ಹಿಡ್ಕೋ, ಬಿಡಬೇಡ ಅಂತ ಕೂಗ್ತಾನೇ ಇರಿ. ಅವರಿಗೆ ಕೇಳೋದು ಒಂದೆರಡು ಮಾತು ಮಾತ್ರ.

ಕಾಲುವೆ ಆದ್ರೆ ಅವರ ಜೊತೆಜೊತೆಗೆ ದಡದಲ್ಲಿ ಓಡೋದು ದಂಡ. ನೀರು ಹರಿಯೋ ಕಡೆಗೆ ಮುಂದಕ್ಕೆ ಓಡಿ, ಸೇತುವೆಯೋ ಮೆಟ್ಟಿಲೋ ಇರೋ ಕಡೆ ಕಾದು ಎಸೀರಿ. ಬಾವಿಗೆ ಜೀರುಗುಣಿಕೆ ಹಾಕಿದ ಹಗ್ಗ ಬಿಡಬೇಡಿ, ಎಳೆದಷ್ಟೂ ಎದೆ ಬಿಗಿದು ಉಸಿರು ಕಟ್ಟುತ್ತೆ. ಹಗ್ಗಕ್ಕೆ ಗಾಳಿ ತುಂಬಿದ ಲಾರಿ ಟ್ಯೂಬ್ ಕಟ್ಟಿ ಇಳಿಸಿ.

ದಡಕ್ಕೆ ಬಂದ ಮೇಲಿನ ಕಥೆ ಇನ್ನೂ ಕೆಟ್ಟದು. ತಲೆಕೆಳಗೆ ಮಾಡಿ ತಿರುಗಿಸೋದು, ಹೊಟ್ಟೆ ಒತ್ತೋದು. ಹೊಟ್ಟೆ ಒತ್ತಿದ್ರೆ ಬರೋದು ಶ್ವಾಸಕೋಶದ ನೀರಲ್ಲ, ಉಂಡ ಅನ್ನ; ಅದು ಉಸಿರ ದಾರಿಗೇ ನುಗ್ಗುತ್ತೆ. ಇನ್ನು ಉಪ್ಪು. ಉಪ್ಪಲ್ಲಿ ಹೂತಿಟ್ರೆ ಮುಳುಗಿದವರು ಬದುಕ್ತಾರೆ ಅನ್ನೋ ವಾಟ್ಸಾಪ್ ಮೆಸೇಜ್ ನಂಬಿ ಬಳ್ಳಾರಿ, ಹಾವೇರಿ ಜಿಲ್ಲೆಗಳಲ್ಲಿ ಮಕ್ಕಳ ದೇಹವನ್ನ ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಹೂತಿಟ್ಟು ಕಾದಿದ್ದಾರೆ. ಹೆತ್ತವರನ್ನ ಬೈಯೋಕೆ ಬಾಯಿ ಬರಲ್ಲ. ಆ ಮೆಸೇಜ್ ಫಾರ್ವರ್ಡ್ ಮಾಡಿದವರನ್ನ ಬೈತೀನಿ. ಚರ್ಮದ ಹೊರಗಿನ ಉಪ್ಪು ಒಳಗಿನ ನೀರನ್ನ ಎಳೆಯಲ್ಲ, ನಿಂತ ಉಸಿರನ್ನ ಶುರು ಮಾಡಲ್ಲ.

ಮುಳುಗಿದವರಿಗೆ ಬೇಕಾಗಿರೋದು ಗಾಳಿ. ಅದಕ್ಕೇ ಇಲ್ಲಿ ಬರೀ ಎದೆ ಒತ್ತಿದ್ರೆ ಸಾಲದು, ಉಸಿರೂ ಕೊಡಬೇಕು. ಸಮತಟ್ಟಾದ ಗಟ್ಟಿ ನೆಲದಲ್ಲಿ ಅಂಗಾತ ಮಲಗಿಸಿ. ಹತ್ತು ಸೆಕೆಂಡು ಎದೆ ಏರುತ್ತಾ ನೋಡಿ. ನಡುನಡುವೆ ಮೀನಿನ ಹಾಗೆ ಬಾಯಿ ತೆರೆದು ಎಳೆದ್ರೆ ಅದು ಉಸಿರಾಟ ಅಲ್ಲ. ಒಬ್ಬರು 108ಕ್ಕೆ ಫೋನ್ ಮಾಡಿ ಸ್ಪೀಕರಿಗೆ ಹಾಕಲಿ. ಹಣೆ ಹಿಂದಕ್ಕೆ, ಗದ್ದ ಮೇಲಕ್ಕೆ, ಮೂಗು ಮುಚ್ಚಿ, ಬಾಯಿಗೆ ಬಾಯಿ ಹಚ್ಚಿ ಐದು ಸಲ ಊದಿ. ಪ್ರತಿ ಸಲ ಎದೆ ಏರಬೇಕು. ಏರದಿದ್ರೆ ತಲೆ ಸರಿ ಮಾಡಿ. ಕೆಲವು ಕಡೆ ಎರಡೇ ಸಲ ಅಂತ ಕಲಿಸ್ತಾರೆ, ಅದೂ ತಪ್ಪಲ್ಲ, ತಡ ಮಾಡೋದು ತಪ್ಪು. ಆಮೇಲೆ ಎದೆಯ ನಡುವಿನ ಮೂಳೆಯ ಮೇಲೆ ಅಂಗೈ ಊರಿ, ಮೊಣಕೈ ಮಡಚದೆ, ಐದು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ. ಮತ್ತೆ ಎರಡು ಉಸಿರು. ಪುಟ್ಟ ಮಗುವಿಗೆ ಒಂದೇ ಕೈ ಸಾಕು. ಬಾಯಿಂದ ಬಿಳಿ ನೊರೆ ಬರುತ್ತೆ; ಅದನ್ನ ಒರೆಸ್ತಾ ಕೂರಬೇಡಿ, ಬಂದಷ್ಟೂ ಬರ್ತಾನೇ ಇರುತ್ತೆ. ವಾಂತಿ ಬಂದ್ರೆ ಮಾತ್ರ ಮಗ್ಗುಲಿಗೆ ತಿರುಗಿಸಿ ಬಾಯಿ ಚೊಕ್ಕ ಮಾಡಿ.

ಎದ್ದು ಕೂತು ಮಾತಾಡಿದ್ರೂ ಆಸ್ಪತ್ರೆಗೆ ಕಳಿಸಿ. ಕೆಮ್ಮು, ಏದುಸಿರು ಕೆಲವು ಗಂಟೆ ಬಿಟ್ಟು ಜೋರಾಗಬಹುದು.

ಹೊಂಡ ಇಟ್ಕೊಂಡಿರೋ ರೈತರಿಗೆ ಒಂದು ಮಾತು. ಮೂರು ಮೀಟರ್ ಆಳ, ಇಳಿಜಾರು ದಡ, ಅದರ ಮೇಲೆ ಪಾಚಿ ಕಟ್ಟಿದ ಪ್ಲಾಸ್ಟಿಕ್ ಹಾಳೆ. ಈಜು ಬಂದ್ರೂ ಹತ್ತೋಕಾಗಲ್ಲ, ಹಿಡಿಯೋಕೆ ಹುಲ್ಲುಕಡ್ಡಿಯೂ ಇಲ್ಲ. ಕೃಷಿ ಭಾಗ್ಯದಲ್ಲಿ ತಂತಿ ಬೇಲಿಯೂ ಸೇರಿದೆ, ಅದನ್ನ ಹಾಕಿಸಿ. ಬೇಲಿಗಿಂತ ಅಗ್ಗದ್ದು ಹಗ್ಗ. ನಾಲ್ಕೂ ದಡದಲ್ಲಿ ಗಟ್ಟಿ ಗೂಟ ಹೊಡೆದು, ಅಡಿಗೊಂದು ಗಂಟು ಹಾಕಿದ ಹಗ್ಗವನ್ನ ತಳ ಮುಟ್ಟೋ ತನಕ ಬಿಡಿ. ಎಸೆಯೋಕೆ ಇನ್ನೊಂದು ಹಗ್ಗಕ್ಕೆ ಮುಚ್ಚಳ ಬಿಗಿದ ಕ್ಯಾನ್ ಕಟ್ಟಿ ದಡದಲ್ಲೇ ಇಡಿ. ಎಸೆಯೋ ಹಗ್ಗ ಮಾತ್ರ ತೇಲಬೇಕು: ಅಂಗಡಿಯಲ್ಲಿ ಎಲ್ಲವನ್ನೂ ನೈಲಾನ್ ಅಂತಾನೇ ಕೊಡ್ತಾರೆ, ನಿಜವಾದ ನೈಲಾನ್ ಮುಳುಗುತ್ತೆ, ಪಾಲಿಪ್ರೊಪಿಲೀನ್ ತೇಲುತ್ತೆ. ಒಂದು ತುಂಡನ್ನ ಬಕೆಟ್ ನೀರಿಗೆ ಹಾಕಿ ನೋಡಿ ತಗೊಳ್ಳಿ. ಆದ್ರೆ ಆ ತೇಲೋ ಹಗ್ಗಕ್ಕೆ ಬಿಸಿಲು ಆಗಲ್ಲ. ಯುಗಾದಿ ಹೊತ್ತಿಗೆ ಒಮ್ಮೆ ಅಂಗೈಯಲ್ಲಿ ಉಜ್ಜಿ ನೋಡಿ. ಪುಡಿ ಉದುರಿದ್ರೆ ಅವತ್ತೇ ಬಿಚ್ಚಿ ಹೊಸದು ಕಟ್ಟಿ.