ಹಳೆಯ ಮಡಚುಬೆಂಚು ಕೊಳ್ಳುವಾಗ

ಕೇಳುಗರಿಗೆ ನಮಸ್ಕಾರ. ಮರಗೆಲಸದಲ್ಲಿ ಆಸಕ್ತಿಯಿದ್ದು, ಅದಕ್ಕೆಂದೇ ಬೇರೆ ಕೋಣೆ ಇಲ್ಲದವರಿಗೆ, ಕೆಲಸ ಮುಗಿದ ಮೇಲೆ ಮಡಚಿ ಗೋಡೆಗೆ ಒರಗಿಸಿಡುವ ಬೆಂಚು ದೊಡ್ಡ ಅನುಕೂಲ. ಹೊಸದು ಕೊಳ್ಳುವ ಮೊದಲು ಯಾರಾದರೂ ಬಳಸಿ ಬಿಟ್ಟ ಹಳೆಯದೊಂದನ್ನು ಹುಡುಕಿ ನೋಡಿ ಎಂದು ಹೇಳುವುದಕ್ಕೇ ಇವತ್ತು ಬಂದಿದ್ದೇನೆ.

ಈ ಬೆಂಚನ್ನು ರೂಪಿಸಿದವರು ರಾನ್ ಹಿಕ್‌ಮನ್. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಇಂಗ್ಲೆಂಡಿನ ಲೋಟಸ್ ಕಂಪನಿಯಲ್ಲಿ ಎಲಾನ್ ಕಾರಿನ ವಿನ್ಯಾಸ ಮಾಡಿದವರು. 1961ರಲ್ಲಿ ಬಟ್ಟೆಯ ಕಪಾಟು ಮಾಡುತ್ತಾ, ಕುರ್ಚಿಯ ಮೇಲಿಟ್ಟಿದ್ದ ಹಲಗೆಯ ಜೊತೆಗೆ ಕುರ್ಚಿಯನ್ನೂ ಗರಗಸದಲ್ಲಿ ಕೊಯ್ದುಬಿಟ್ಟರು. ಈ ಬೆಂಚಿನ ಯೋಚನೆ ಹುಟ್ಟಿದ್ದು ಆಗ. ಸ್ಟ್ಯಾನ್ಲಿ, ಬ್ಲ್ಯಾಕ್ ಅಂಡ್ ಡೆಕರ್‌ನಂಥ ದೊಡ್ಡ ಉಪಕರಣ ಕಂಪನಿಗಳು ಬೇಡವೆಂದಾಗ, 1968ರಿಂದ ತಾವೇ ತಯಾರಿಸಿ ಮಾರಿದರು. ಕೆಲವೇ ವರ್ಷಗಳಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಮನಸ್ಸು ಬದಲಿಸಿತು. ವರ್ಕ್‌ಮೇಟ್ ಎಂಬ ಹೆಸರಿನಲ್ಲಿ ಅದು ಕೋಟಿಗಟ್ಟಲೆ ಮಾರಾಟವಾಯಿತು.

ಅದರ ಜಾಣತನ ಇರುವುದು ಮೇಲಿನ ಎರಡು ಹಲಗೆಗಳಲ್ಲಿ. ಒಂದು ಕದಲುವುದಿಲ್ಲ, ಇನ್ನೊಂದನ್ನು ಎರಡು ತುದಿಯ ಎರಡು ತಿರುಪುಗಳು ಹಿಂದೆ ಮುಂದೆ ಸರಿಸುತ್ತವೆ. ಒಂದೊಂದು ತಿರುಪಿಗೂ ಬೇರೆ ಹಿಡಿಕೆ ಇರುವುದರಿಂದ, ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣಗಿರುವ ಮರದ ತುಂಡನ್ನೂ ಗಟ್ಟಿಯಾಗಿ ಕಚ್ಚಿ ಹಿಡಿಯಬಹುದು. ಮೇಜೂ ಅದೇ, ಮರವನ್ನು ಕಚ್ಚಿ ಹಿಡಿಯುವ ವೈಸೂ ಅದೇ. ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟರೆ ನಮ್ಮ ಭಾರವೇ ಬೆಂಚನ್ನು ಅಲುಗದಂತೆ ಹಿಡಿಯುತ್ತದೆ. ಎರಡು ಎತ್ತರದ ಮಾದರಿಗಳಲ್ಲಿ ಕೆಳಗಾಲುಗಳನ್ನು ಮಡಚಿದರೆ ಗರಗಸದ ಕೆಲಸಕ್ಕೆ ಒಪ್ಪುವ ತಗ್ಗು ಎತ್ತರ ಸಿಗುತ್ತದೆ. ಉದ್ದ ಹಲಗೆ ಕೊಯ್ಯುವವರು ಇದನ್ನು ಬಿಟ್ಟುಕೊಡಬಾರದು.

ಮೊದಮೊದಲ ಬೆಂಚುಗಳ ಚೌಕಟ್ಟು ಎರಕದ ಅಲ್ಯೂಮಿನಿಯಂ. ಆಮೇಲೆ ದಪ್ಪ ಉಕ್ಕಿನ ತಗಡು ಬಂತು. ಈಗಿನ ಅಗ್ಗದ ಬೆಂಚುಗಳಲ್ಲಿ ಆ ತಗಡು ತೆಳುವಾಗಿದೆ, ಹಿಡಿಕೆ ಪ್ಲಾಸ್ಟಿಕ್ಕು, ಮೇಲಿನ ಹಲಗೆ ಎಷ್ಟೋ ಕಡೆ ಎಂಡಿಎಫ್, ಅಂದರೆ ಮರದ ನಾರಿಗೆ ಅಂಟು ಬೆರೆಸಿ ಒತ್ತಿ ಮಾಡಿದ್ದು, ನೀರು ತಾಗಿದರೆ ಉಬ್ಬುವಂಥದ್ದು. ಹೊಸದರಲ್ಲೂ ಒಳ್ಳೆಯವಿವೆ, ಮೆಟ್ಟಿಲು ಹತ್ತಿಸಿ ಇಳಿಸುವವರಿಗೆ ಹಗುರವೇ ಹಿತ. ಆದರೆ ಕೀಸುಳಿಯಿಂದ ಮರ ಹೆರೆಯುವಾಗ ಹಗುರ ಬೆಂಚು ನಮ್ಮ ಜೊತೆಗೇ ತೆವಳುತ್ತದೆ. ಅಲ್ಲಿ ಹಳೆಯದರ ತೂಕವೇ ಬೇಕು.

ಬಳಸಿದ ಬೆಂಚು ನೋಡಲು ಹೋದವರು ಮೊದಲು ಮೇಲಿನ ಮರ ನೋಡಿ ಹಿಂಜರಿಯುತ್ತಾರೆ. ಗರಗಸದ ಗೀರು, ಬಣ್ಣದ ಕಲೆ, ತೂತುಗಳು. ನೀವು ಅದನ್ನು ಲೆಕ್ಕಕ್ಕೇ ಇಡಬೇಡಿ. ಹಲಗೆ ಬಿಚ್ಚಿ, ಅದನ್ನೇ ಅಚ್ಚಾಗಿ ಇಟ್ಟುಕೊಂಡು ಅಷ್ಟೇ ದಪ್ಪದ ಒಳ್ಳೆಯ ಪ್ಲೈವುಡ್‌ನಲ್ಲಿ ಹೊಸ ಜೋಡಿ ಮಾಡಿಕೊಳ್ಳಬಹುದು. ದಪ್ಪ ಹೆಚ್ಚಾದರೆ ಬೋಲ್ಟೂ ಉದ್ದದ್ದು ಬೇಕಾಗುತ್ತದೆ, ಅಷ್ಟೇ.

ಕಣ್ಣಿಡಬೇಕಾದದ್ದು ಲೋಹದ ಮೇಲೆ. ಬೆಂಚನ್ನು ನೀವೇ ಬಿಚ್ಚಿ ನಿಲ್ಲಿಸಿ, ನೀವೇ ಮಡಚಿ. ನಿಂತಾಗ ಮೇಲ್ಗಡೆ ಹಿಡಿದು ಅಡ್ಡಡ್ಡ ಜಗ್ಗಿ ನೋಡಿ. ಬೋಲ್ಟಿನ ಕೀಲು ಸಡಿಲವಿದ್ದರೆ ಬಿಗಿ ಮಾಡಬಹುದು, ರಿವೆಟ್ ಸವೆದು ತೂತು ಅಗಲವಾಗಿದ್ದರೆ ಸರಿಪಡಿಸುವುದು ಕಷ್ಟ. ಎರಕದ ಅಲ್ಯೂಮಿನಿಯಂನಲ್ಲಿ ಬಿರುಕು ಕಂಡರೆ ಬಿಟ್ಟುಬಿಡಿ. ಅದನ್ನು ಬೆಸುಗೆ ಹಾಕುವುದು ಎಲ್ಲರ ಕೈಲಾಗುವ ಕೆಲಸವಲ್ಲ.

ಆಮೇಲೆ ಎರಡೂ ತಿರುಪುಗಳನ್ನು ಕೊನೆಯವರೆಗೆ ಬಿಚ್ಚಿ, ಮತ್ತೆ ಕೊನೆಯವರೆಗೆ ಬಿಗಿಯಿರಿ. ನಡುವೆ ಎಲ್ಲಾದರೂ ಜಾರಿದರೆ ನಟ್ಟಿನ ಒಳಗಿನ ಸುರುಳಿ ಗೆರೆ ಸವೆದಿದೆ. ಒಂದು ಸುತ್ತಿನಲ್ಲಿ ಬಿಗಿಯಾಗಿ ಮತ್ತೆ ಸಡಿಲವಾಗುತ್ತಿದ್ದರೆ ತಿರುಪು ಬಾಗಿರಬಹುದು. ಬರೀ ತುಕ್ಕಿದ್ದರೆ ಹೆದರಬೇಡಿ. ಸೀಮೆಎಣ್ಣೆ ಹಾಕಿ ತಂತಿ ಬ್ರಷ್‌ನಿಂದ ಉಜ್ಜಿ ಒರೆಸಿ, ಮೇಣ ಸವರಿ. ಗ್ರೀಸ್ ಬಳಿದರೆ ಮರದ ಹೊಟ್ಟು ಅಂಟಿಕೊಂಡು ತಿರುಪು ಮತ್ತೆ ಬಿಗಿಯುತ್ತದೆ.