ಕಂಕುಳಿನ ಮೊದಲ ಕೆರೆ

ನಮಸ್ಕಾರ. ನಮ್ಮ ಚಿಕ್ಕಮ್ಮ ಕೋಲಾರದ ಹತ್ತಿರ ಒಂದು ಹಳ್ಳಿಯಲ್ಲಿದ್ದಾರೆ. ಎರಡು ಸೀಮೆಹಸು, ಮುಕ್ಕಾಲು ಎಕರೆ ಟೊಮೆಟೊ. ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಆರು ವರ್ಷ ಆಯ್ತು, ಕಾಯಿಲೆ ಮತ್ತೆ ಬಂದಿಲ್ಲ. ಆದರೆ ಬಲಗೈ ಬಾತುಕೊಂಡು ಬಳೆ ಏರಲ್ಲ. ಹಾಲು ಕರೆಯೋಕೆ ಕೂತ ಐದೇ ನಿಮಿಷಕ್ಕೆ ಕೈ ಸೋತುಹೋಗುತ್ತೆ. ಮಂಡಿಗೆ ಹೋಗೋ 15 ಕೆ.ಜಿ. ಬಾಕ್ಸ್ ಎತ್ತೋದಂತೂ ದೂರದ ಮಾತು. ಅವತ್ತು ಕಂಕುಳಿನ ಗ್ರಂಥಿಗಳನ್ನ ಪೂರ್ತಿ ತೆಗೆದಿದ್ದರು. ರಿಪೋರ್ಟ್ ಬಂದಾಗ ಒಂದರಲ್ಲೂ ಕ್ಯಾನ್ಸರ್ ಇರಲಿಲ್ಲ.

ಆ ರಿಪೋರ್ಟ್ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ಕೋಲಾರದವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡೋ ನೀರು, ಮೊದಲು ಬಂದಿದ್ದು ಲಕ್ಷ್ಮೀಸಾಗರ ಕೆರೆಗೆ. ಅದು ತುಂಬಿ ಕೋಡಿ ಹರಿದ ಮೇಲೇ ಮುಂದಿನ ಕೆರೆಗೆ. ನೊರೆ ಕಾಣಿಸಿಕೊಂಡಾಗ ಎಲ್ಲರೂ ಓಡಿದ್ದೂ ಆ ಮೊದಲ ಕೆರೆ ಹತ್ತಿರಾನೇ. ಸ್ತನದಿಂದ ಸಣ್ಣ ನಾಳಗಳಲ್ಲಿ ಹೊರಡೋ ದುಗ್ಧರಸ ಅನ್ನೋ ತಿಳಿ ದ್ರವಕ್ಕೂ ಹಾಗೇ ಕಂಕುಳಲ್ಲಿ ಒಂದು ಮೊದಲ ಕೆರೆ ಇದೆ. ಕ್ಯಾನ್ಸರ್ ಕಣ ಆ ದಾರಿ ಹಿಡಿದರೆ ಸಾಮಾನ್ಯವಾಗಿ ಮೊದಲು ಸಿಗೋದು ಅಲ್ಲೇ. ಅದಕ್ಕೆ ಸೆಂಟಿನೆಲ್ ನೋಡ್, ಅಂದರೆ ಕಾವಲು ಗ್ರಂಥಿ, ಅಂತಾರೆ. ಆ ಒಂದೆರಡು ಗ್ರಂಥಿ ತೆಗೆದು ನೋಡಿ, ಅಲ್ಲಿ ಏನೂ ಇಲ್ಲ ಅಂದರೆ ಉಳಿದದ್ದನ್ನ ಮುಟ್ಟೋದೇ ಬೇಡ. ಪೂರ್ತಿ ತೆಗೆದರೆ ಸುಮಾರು ಐವರಲ್ಲಿ ಒಬ್ಬರಿಗೆ ಕೈ ಬಾವು ಬರುತ್ತೆ. ಮೊದಲ ಗ್ರಂಥಿ ಮಾತ್ರ ತೆಗೆದರೆ ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಬ್ಬರಿಗೆ.

ಸರಿ, ಆ ಮೊದಲ ಗ್ರಂಥಿ ಯಾವುದು ಅಂತ ಗೊತ್ತಾಗೋದು ಹೇಗೆ? ಹಳೇ ದಾರಿಯಲ್ಲಿ ನೀಲಿ ಬಣ್ಣ ಚುಚ್ಚುತ್ತಾರೆ, ಜೊತೆಗೆ ಟೆಕ್ನೀಶಿಯಂ ಅನ್ನೋ ವಿಕಿರಣ ವಸ್ತು. ಅದರ ಅರ್ಧಾಯುಷ್ಯ ಬರೀ 6 ಗಂಟೆ, ಅಂದರೆ ಅಷ್ಟರಲ್ಲೇ ಅದರ ವಿಕಿರಣ ಅರ್ಧಕ್ಕಿಳಿಯುತ್ತೆ, ಅದನ್ನ ಬಳಸೋಕೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವೇ ಬೇಕು. ಇನ್ನೊಂದು ದಾರಿ ಬೆಳಕಿನದು, ಅದಕ್ಕೆ ಇದೆಲ್ಲ ಬೇಡ. ಇಂಡೋಸಯನೈನ್ ಗ್ರೀನ್ ಅನ್ನೋ ಬಣ್ಣ ಚುಚ್ಚಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟರೆ, ಕ್ಯಾಮೆರಾ ಪರದೆ ಮೇಲೆ ಕಾಲುವೆ ಥರ ಗೆರೆ ಹೊಳೆಯುತ್ತಾ ಹೋಗಿ ಗ್ರಂಥಿಗೆ ಸೇರೋದು ಕಾಣುತ್ತೆ. ಈ ಬಣ್ಣ ಹೊಸದೇನಲ್ಲ. ಅಮೆರಿಕದಲ್ಲಿ 1959ರಲ್ಲೇ ಹೃದಯ, ಲಿವರ್ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿತ್ತು. ಕ್ಯಾಮೆರಾ ದುಬಾರಿ ಅಂದರೆ ಅದಕ್ಕೂ ದಾರಿ ಇದೆ. ಕಣ್ಣಿನ ಡಾಕ್ಟರ್ ಬಳಸೋ ಫ್ಲೋರೆಸೀನ್ ಬಣ್ಣ, ನೀಲಿ ಎಲ್‌ಇಡಿ ದೀಪ ಇಟ್ಟುಕೊಂಡು ನಮ್ಮ ದೇಶದ ಸರ್ಜನ್‌ಗಳೇ ಇದನ್ನ ಮಾಡಿ ತೋರಿಸಿದ್ದಾರೆ. ಇದು ನಮ್ಮಂಥ ಜಿಲ್ಲೆಗಳಿಗೆ ಬರಲೇಬೇಕು ಅನ್ನೋದು ನನ್ನ ವಾದ.

ಆದರೆ ಒಂದು ಮಾತು. "ಬೆಳಕು ಕ್ಯಾನ್ಸರ್ ಹಿಡಿಯುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈ ಬಣ್ಣ ತೋರಿಸೋದು ಕೆರೆ ಎಲ್ಲಿದೆ ಅಂತ, ನೀರು ಕೆಟ್ಟಿದೆಯಾ ಅಂತಲ್ಲ. ಕ್ಯಾನ್ಸರ್ ಕಣಕ್ಕೇ ಅಂಟಿಕೊಳ್ಳೋ ಬಣ್ಣಗಳೂ ಬರ್ತಾ ಇವೆ, 2021ರಲ್ಲಿ ಅಮೆರಿಕದಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ ಅಂಥದ್ದೊಂದಕ್ಕೆ ಒಪ್ಪಿಗೆ ಸಿಕ್ಕಿದೆ. ಕಂಕುಳಿನ ಗ್ರಂಥಿ ವಿಷಯದಲ್ಲಿ ಮಾತ್ರ ತೀರ್ಪು ಇವತ್ತಿಗೂ ಪೆಥಾಲಜಿಸ್ಟ್ ಕೈಯಲ್ಲೇ ಇದೆ. ಅವರು ತೆಳ್ಳಗೆ ಕತ್ತರಿಸಿ ಮೈಕ್ರೋಸ್ಕೋಪ್ ಕೆಳಗೆ ನೋಡಬೇಕು. ಕ್ಯಾಮೆರಾ ತಂದು ಫೋಟೋ ತೆಗೆಸಿಕೊಂಡು, ಪೆಥಾಲಜಿಸ್ಟ್ ಹುದ್ದೆ ಖಾಲಿ ಬಿಟ್ಟರೆ ಆ ಹೊಳೆಯೋ ಗ್ರಂಥಿಯಿಂದ ಯಾರಿಗೇನು ಪ್ರಯೋಜನ?

ಇನ್ನೊಂದು, ಇದು ಬೇಗ ಬಂದವರಿಗೆ. ಕಂಕುಳಲ್ಲಿ ಗಂಟು ಕೈಗೇ ಸಿಗ್ತಾ ಇದ್ದರೆ ಲೆಕ್ಕ ಬೇರೆಯಾಗುತ್ತೆ. ನಮ್ಮ ಹೆಣ್ಣುಮಕ್ಕಳು "ಈ ಕೊಯ್ಲು ಮುಗೀಲಿ" ಅಂತ ಗಂಟನ್ನ ಸೆರಗಲ್ಲಿ ಮುಚ್ಚಿಟ್ಟುಕೊಂಡು ತಿಂಗಳುಗಟ್ಟಲೆ ಕೂರ್ತಾರೆ. ದಯವಿಟ್ಟು ಕೂರಬೇಡಿ.

ನಮ್ಮ ಬೀದಿಯ ಒಬ್ಬ ಅಕ್ಕನಿಗೆ ಈಗ ಆಪರೇಷನ್ ಗೊತ್ತಾಗಿದೆ. ಅವರ ಫೈಲ್ ಮೇಲೆ ಪೆನ್ಸಿಲಲ್ಲಿ ಬರೆದುಕೊಟ್ಟಿದ್ದೀನಿ: "ಡಾಕ್ಟ್ರೇ, ನನಗೆ ಮೊದಲ ಗ್ರಂಥಿ ಮಾತ್ರ ತೆಗೆದು ನೋಡೋಕೆ ಆಗುತ್ತಾ? ಇಲ್ಲಿ ಆಗಲ್ಲ ಅಂದರೆ ಎಲ್ಲಿ ಆಗುತ್ತೆ?" ಸೋಮವಾರ ಅವರ ಜೊತೆ ನಾನೂ ಹೋಗ್ತಾ ಇದ್ದೀನಿ. ಚಿಕ್ಕಮ್ಮನೂ ಬರ್ತಾರಂತೆ.