ಕರುಳು ಎಂಬ ಮಾತು

ಸ್ನೇಹಿತರೆ,

ಈ ಸಂಜೆ ಒಂದೇ ಒಂದು ಪದದ ಬೆನ್ನು ಹತ್ತೋಣ: ಕರುಳು. ವೈದ್ಯರ ಲೆಕ್ಕದಲ್ಲಿ ಸುಮಾರು 6 ಮೀಟರ್ ಸಣ್ಣಕರುಳು, ಒಂದೂವರೆ ಮೀಟರ್ ದೊಡ್ಡಕರುಳು. ಉಂಡದ್ದನ್ನು ಅರಗಿಸುವುದು, ಸಾರ ಹೀರುವುದು, ಉಳಿದದ್ದನ್ನು ಹೊರಗೆ ತಳ್ಳುವುದು ಅದರ ಕೆಲಸ. ಆದರೆ ಮಗು ಬಿದ್ದು ಅತ್ತರೆ ತಾಯಿ ‘ಕರುಳು ಚುರ್ ಅಂತು’ ಎನ್ನುತ್ತಾಳೆ. ದಯೆಯಿಲ್ಲದವನನ್ನು ಊರು ‘ಅವನಿಗೆ ಕರುಳೇ ಇಲ್ಲ’ ಎಂದು ಬಯ್ಯುತ್ತದೆ. ಅರಗಿಸುವ ಅಂಗಕ್ಕೆ ಮಮತೆಯ ಅರ್ಥ ಎಲ್ಲಿಂದ ಬಂತು?

ಕರುಣೆಯಿಂದ ಕರುಳು ಹುಟ್ಟಿತು ಎಂದು ಹೇಳುವವರಿದ್ದಾರೆ. ಕೇಳಲು ಹಿತ, ಆದರೆ ನಿಜವಲ್ಲ. ಕರುಣೆ ಸಂಸ್ಕೃತದಿಂದ ಬಂದದ್ದು. ಕರುಳು ಅಪ್ಪಟ ದ್ರಾವಿಡ. ಹಳಗನ್ನಡದಲ್ಲಿ ‘ಕರುಳ್’, ಆಮೇಲೆ ಕೊನೆಗೊಂದು ಉಕಾರ ಸೇರಿ ‘ಕರುಳು’. ಮಲಯಾಳದ ‘ಕರಳ್’ ಇದರ ನಂಟ. ಅಲ್ಲಿ ಅದರ ಅರ್ಥ ಲಿವರ್, ಅಂದರೆ ನಮ್ಮ ಹಳ್ಳಿಗಳ ಈಲಿ. ಜೊತೆಗೆ ಪ್ರೀತಿಪಾತ್ರರನ್ನು ‘ಕರಳೇ’ ಎಂದು ಕರೆಯುತ್ತಾರೆ. ನೋಡಿ, ಅಂಗ ಬದಲಾಯಿತು, ಅಕ್ಕರೆ ಬದಲಾಗಲಿಲ್ಲ. ಹೊಟ್ಟೆಯೊಳಗಿನ ಮೆತ್ತನೆಯ ಭಾಗಗಳಿಗೆಲ್ಲ ಮೊದಲು ಒಂದೇ ಹೆಸರಿದ್ದು, ಆಮೇಲೆ ಒಂದೊಂದು ನುಡಿ ಒಂದೊಂದು ಅಂಗಕ್ಕೆ ಅದನ್ನು ಹಂಚಿಕೊಂಡಿರಬೇಕು ಎಂಬುದು ನನ್ನ ಊಹೆ.

ಕನ್ನಡದಲ್ಲಿ ಈ ಅರ್ಥ ಗಟ್ಟಿಯಾದದ್ದು ಹೆರಿಗೆಯ ಕೋಣೆಯಲ್ಲಿ ಎಂದು ನಾನು ನಂಬುತ್ತೇನೆ. ಸೂಲಗಿತ್ತಿಯ ಕೈಯಲ್ಲಿ ಮಗುವಿನ ಜೊತೆ ಬರುವ ಹೊಕ್ಕುಳಬಳ್ಳಿಯನ್ನು ನೆನೆಯಿರಿ: ಬಿಳಿಚಿಕೊಂಡ, ಒದ್ದೆಯಾದ, ತಿರುಚಿಕೊಂಡ, ಅರ್ಧ ಮೀಟರಿನಷ್ಟು ಉದ್ದದ ನಾಳ. ನೋಟಕ್ಕೆ ಕರುಳೇ. ಜನ ಅದನ್ನು ‘ಕರುಳುಬಳ್ಳಿ’ ಎಂದರು. ಆ ಬಳ್ಳಿಯಲ್ಲಿ ಬಿಟ್ಟ ಮಗು ‘ಕರುಳಕುಡಿ’, ಹೆತ್ತವಳು ‘ಹೆತ್ತ ಕರುಳು’. ಹಳೆ ಮೈಸೂರಿನ ಕಡೆ ನಾಲಿಗೆ ಇನ್ನೂ ಮೊಟಕು ಮಾಡಿ ‘ಕಳ್ಳುಬಳ್ಳಿ’ ಎನ್ನುತ್ತದೆ. ಅಣ್ಣತಮ್ಮಂದಿರು, ದಾಯಾದಿಗಳು, ರಕ್ತಸಂಬಂಧವೆಲ್ಲ ಅದರೊಳಗೆ. ಜಗಳವಾಡಿ ಬೇರೆಯಾದವರನ್ನು ಸಾವಿನ ಮನೆಗೆ ಕರೆತರುವ ಮಾತು ಇದು: ‘ಏನಾದ್ರೂ ಕಳ್ಳುಬಳ್ಳಿ ಅಲ್ವಾ?’

ಮಮತೆಯ ಅರ್ಥ ಬಂದಿತೆಂದು ಪದದ ರಕ್ತ ಒಣಗಲಿಲ್ಲ. ಹೊಯ್ಸಳರ ದೇಗುಲಗಳಲ್ಲಿ ಉಗ್ರನರಸಿಂಹನನ್ನು ಕಂಡಿರುತ್ತೀರಿ. ತೊಡೆಯ ಮೇಲೆ ಹಿರಣ್ಯಕಶಿಪು, ಸೀಳಿದ ಹೊಟ್ಟೆ, ಹೊರಗೆಳೆದ ಕರುಳು. ಆ ಕಲ್ಲಿನ ಮುಂದೆ ಮಗುವನ್ನು ಎತ್ತಿಕೊಂಡು ನಿಂತ ತಾಯಿಯ ಬಾಯಲ್ಲೂ ಇರುವುದು ಅದೇ ಪದ.

ಸಂಸ್ಕೃತದ ‘ಆಂತ್ರ’ಕ್ಕೆ ಕನ್ನಡದಲ್ಲಿ ಈ ಭಾಗ್ಯ ಸಿಗಲಿಲ್ಲ. ಆಂತ್ರ ವೈದ್ಯದ ಪುಸ್ತಕದಲ್ಲೇ ಉಳಿಯಿತು. ‘ಹೆತ್ತ ಆಂತ್ರ’ ಎಂದವರುಂಟೆ? ಹಾಗೆಂದು ಹೊಟ್ಟೆಯೊಳಗೆ ಮರುಕವನ್ನು ಕಂಡವರು ನಾವಷ್ಟೇ ಅಲ್ಲ. ಗ್ರೀಕರ ‘ಸ್ಪ್ಲಾಂಖ್ನ’ ಎಂದರೆ ಒಳಾಂಗಗಳು. ಯೇಸು ಜನರನ್ನು ಕಂಡು ಕನಿಕರಪಟ್ಟ ಎನ್ನುವಲ್ಲಿ ಮೂಲ ಸುವಾರ್ತೆಯ ಗ್ರೀಕ್ ಕ್ರಿಯಾಪದ ಹುಟ್ಟಿದ್ದು ಆ ಪದದಿಂದಲೇ.

ಕರುಳಿನ ಗೋಡೆಯಲ್ಲಿ ಕೋಟಿಗಟ್ಟಲೆ ನರಕೋಶಗಳಿವೆ, ಆದ್ದರಿಂದ ನಮ್ಮ ಹಿರಿಯರಿಗೆ ವಿಜ್ಞಾನ ಮೊದಲೇ ಗೊತ್ತಿತ್ತು ಎಂದು ಈಗ ಕೆಲವರು ವಾದಿಸುತ್ತಾರೆ. ನರಕೋಶಗಳಿರುವುದು ನಿಜ, ವಾದ ನನಗೆ ಒಪ್ಪಿಗೆಯಿಲ್ಲ. ಸಂಕಟದಲ್ಲಿ ಹೊಟ್ಟೆ ತಿರುಚಿದ್ದು ಅವರಿಗೆ ಗೊತ್ತಿತ್ತು, ಅದನ್ನು ಇದ್ದಂತೆ ಹೇಳಿದರು. ಅಷ್ಟೇ ಸಾಕಷ್ಟು ದೊಡ್ಡದು.

ಮಟನ್ ಅಂಗಡಿಯಲ್ಲಿ ಇದೇ ಅಂಗ ‘ಬೋಟಿ’ಯಾಗುತ್ತದೆ. ಬೋಟಿ ಗೊಜ್ಜು ಮಾಡುವವರು ಅಂಗಡಿಯವನನ್ನು ಕರುಳು ಕೊಡು ಎಂದು ಕೇಳುವುದು ಕಡಿಮೆ. ಇಂಥ ಹಂಚಿಕೆ ನಿಮ್ಮೂರಲ್ಲಿ ಹೇಗಿದೆ? ಇಲ್ಲಿರುವ ವಿದ್ಯಾರ್ಥಿಗಳಿಗೆ ನನ್ನ ಬೇಡಿಕೆ ಇದೊಂದೇ: ಸೂಲಗಿತ್ತಿಯರಾಗಿ ದುಡಿದ ಅಜ್ಜಿಯರು ಇನ್ನೂ ಇದ್ದಾರೆ, ಕುರಿ ಕೊಯ್ಯುವವರಿದ್ದಾರೆ. ಹೋಗಿ ಕೇಳಿ, ಅವರು ಹೇಳಿದ ಹಾಗೇ ಬರೆದಿಟ್ಟುಕೊಳ್ಳಿ.